ಬದಲಾವಣೆಗೆ ಕಾರಣ

ಬೆಳಿಗ್ಗೆ ಎದ್ದಾಗಿನಿಂದ ಓರಿನ್ ಟೆಸ್ಡಾಲನಿಗೆ ತನ್ನ ಕೈಗಳ ಮೇಲೇ ನಂಬಿಕೆ ಇರಲಿಲ್ಲ. ಗಡ್ಡ ಹೆರೆಯುವಾಗ ಗದ್ದದ ಕೆಳಗೆ ಕೊಯ್ದುಕೊಂಡಿದ್ದ, ಕಾಫಿ ಬಗ್ಗಿಸುವಾಗ ಅರ್ಧ ಮೇಜಿಗೆ ಕುಡಿಸಿದ್ದ. ಈಗ ಅಡುಗೆಮನೆಯ ಅದೇ ಮೇಜಿನ ಮೇಲೆ ತಂಗಿ ಆರ್ಡಿಸಳ ಎರಡು ವರ್ಷದ ತೆರಿಗೆಯ ತಿದ್ದುಪಡಿ ರಿಟರ್ನುಗಳನ್ನು ಹರಡಿಕೊಂಡು, ಆಗಲೇ ಚೂಪಾಗಿದ್ದ ಪೆನ್ಸಿಲನ್ನು ಮತ್ತೆ ಚೂಪು ಮಾಡುತ್ತಿದ್ದ. ಲೆಕ್ಕವೆಲ್ಲ ಮುಗಿದಿತ್ತು. ಮಗಳು ಮಾರೆನಳನ್ನು ಕಾಲೇಜಿಗೆ ಕಳಿಸಿದ್ದಕ್ಕೆ ಆರ್ಡಿಸಳಿಗೆ ಸಲ್ಲಬೇಕಾಗಿದ್ದ ತೆರಿಗೆ ರಿಯಾಯಿತಿ, ಹಿಂದೆ ಬಿಟ್ಟುಹೋದದ್ದು, ಈಗ ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ಬಂದು ಕೂತಿತ್ತು. ಉಳಿದದ್ದು ಒಂದೇ. ಎರಡನೆಯ ಪುಟದ ಕೊನೆಗೆ ಸರ್ಕಾರ ಒಂದಷ್ಟು ಜಾಗ ಖಾಲಿ ಬಿಟ್ಟು, ಅಂದು ಹಾಗೆ ಹೇಳಿದವರು ಇಂದು ಹೀಗೆ ಯಾಕೆ ಹೇಳುತ್ತಿದ್ದೀರಿ, ಕಾರಣ ಬರೆಯಿರಿ ಎಂದು ಕೇಳುತ್ತಿತ್ತು. ಟ್ರ್ಯಾಕ್ಟರು ಮಾರುವ ಅಂಗಡಿಯಲ್ಲಿ ಬದುಕೆಲ್ಲ ಲೆಕ್ಕ ಬರೆದ ಮನುಷ್ಯ ಅವನು. ಅಂಕಿ ಕೇಳಿದರೆ ನಿದ್ದೆಯಲ್ಲೂ ಕೊಡುತ್ತಿದ್ದ. ಮಾತು ಕೇಳುವ ಫಾರಂ ಅವನಿಗೆ ಸೇರುತ್ತಿರಲಿಲ್ಲ.

ಬೆಳಗಾಗುತ್ತಲೇ ಅಲ್ಲಿ ಒಂದು ವಾಕ್ಯ ಬರೆದಿದ್ದ. ‘ರಿಟರ್ನ್ ತಯಾರಿಸಿದವನ ಲೋಪದಿಂದ.’ ಓದಿಕೊಂಡ. ಅಕ್ಷರ ದುಂಡಗೆ, ಚೆನ್ನಾಗಿಯೇ ಇತ್ತು. ಮತ್ತೆ ಓದಿದಾಗ ಅದು ಯಾರೋ ಕಿಟಕಿಯ ಹೊರಗೆ ನಿಂತು ಗಟ್ಟಿಯಾಗಿ ಕೂಗಿದ ಹಾಗೆ ಕೇಳಿಸಿತು. ರಬ್ಬರಿನಿಂದ ಉಜ್ಜಿ ಅಳಿಸಿದ. ಅಳಿಸಿದ ಜಾಗ ಬೆಳ್ಳಗಾಗಿ, ಉಳಿದ ಕಾಗದಕ್ಕಿಂತ ಹೆಚ್ಚು ಕಾಣತೊಡಗಿದ್ದರಿಂದ ಅದರ ಮೇಲೆ ಮೊಣಕೈ ಇಟ್ಟುಕೊಂಡು ಕೂತ.

“ಮಧ್ಯಾಹ್ನ ಇಬ್ರೂ ಬರ್ತಾರಂತೆ,” ಅಂದಳು ಹೆಂಡತಿ ಲವೋನ್, ಸಿಂಕಿನ ಹತ್ತಿರದಿಂದ, ತಿರುಗಿ ನೋಡದೆ. “ಹುಡುಗೀನೂ ಬರ್ತಾಳೆ.”

“ಅವಳ್ಯಾಕೆ? ಸಹಿ ಹಾಕ್ಬೇಕಾದೋಳು ಆರ್ಡಿಸ್.”

“ಅವಳ ಓದಿನ ವಿಷ್ಯ ಅಲ್ವಾ. ಬರ್ಲಿ ಬಿಡು.” ಲವೋನ್ ನಲ್ಲಿಯ ನೀರು ನಿಲ್ಲಿಸಿದಳು. “ಏನಾದ್ರೂ ಮಾಡಿ ಆ ಮಗೂಗೆ ಒಂದು ದಾರಿ ಮಾಡ್ಕೊಡು ಓರಿನ್.”

ಏನಾದರೂ ಮಾಡಿ ಎಂದರೆ ಏನು? ಅವಳಿಗೆ ಎಷ್ಟು ಗೊತ್ತು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿಗೆ ಬಂದಿದ್ದೇನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ನಲವತ್ತು ವರ್ಷದಿಂದ ಈ ಬೆನ್ನನ್ನು ಸಿಂಕಿನ ಮುಂದೆ ನೋಡಿದ್ದಾನೆ. ಆ ಬೆನ್ನು ಏನನ್ನು ಬಲ್ಲದು, ಏನನ್ನು ಬೇಕೆಂದೇ ಮರೆತಿದೆ ಎಂದು ಅವನಿಗೆ ಈವರೆಗೂ ತಿಳಿದಿಲ್ಲ. ಊರು ಖಾಲಿಯಾಗಿತ್ತು. ಪ್ರತಿ ಮೇ ತಿಂಗಳಲ್ಲಿ ಮೀನು ಹಿಡಿಯಲು ಸರ್ಕಾರ ಕೆರೆಗಳನ್ನು ಬಿಟ್ಟುಕೊಡುವ ಶನಿವಾರ ಇದು. ಮಿನ್ನೆಸೋಟದಲ್ಲಿ ಆ ದಿನ ಮದುವೆ ಇಟ್ಟುಕೊಂಡವನ ಮನೆಗೆ ಪಾದ್ರಿಯೂ ಬರುವುದಿಲ್ಲ. ಮಗ ಕಿಪ್ ನಸುಕಿನಲ್ಲೇ ದೋಣಿ ಎಳೆದುಕೊಂಡು ಹೋಗಿದ್ದ. ನೀನೂ ಬಾ ಅಪ್ಪ ಎಂದು ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದನೇನೋ, ಆರ್ಡಿಸಳಿಗೆ ಮುಂದಿನ ವಾರ ಬಾ ಅನ್ನುತ್ತಿದ್ದನೇನೋ. ಮುಂದಿನ ವಾರ ಎಂಬ ಮಾತು ಈ ವರ್ಷ ಅವನ ನಾಲಿಗೆಗೆ ಚೆನ್ನಾಗಿ ಅಂಟಿಕೊಂಡಿದೆ.

ಪ್ರತಿ ಮಾರ್ಚಿನಲ್ಲಿ ಟೆಸ್ಡಾಲ್ ಮನೆತನದ ಅಷ್ಟೂ ಜನ ಚಪ್ಪಲಿ ಡಬ್ಬಿಗಳಲ್ಲಿ, ಬ್ರೆಡ್ಡಿನ ಕವರುಗಳಲ್ಲಿ ತಮ್ಮ ತಮ್ಮ ಚೀಟಿಗಳನ್ನು ತುಂಬಿಕೊಂಡು ಈ ಮೇಜಿಗೆ ಬರುತ್ತಿದ್ದರು. ಓರಿನ್ ಇದ್ದಾನಲ್ಲ, ತೆರಿಗೆ ಲೆಕ್ಕ ಅವನು ಮಾಡಿಕೊಡುತ್ತಾನೆ. ಕಾಸು ಮುಟ್ಟುತ್ತಿರಲಿಲ್ಲ ಅವನು. ಹಣ್ಣು ತುಂಬಿ ಬೇಯಿಸಿದ ಪೈ, ಜಿಂಕೆ ಮಾಂಸದ ಸಾಸೇಜು, ಉಪ್ಪಿನಲ್ಲಿ ಹಾಕಿದ ಮೀನು ತಂದಿಟ್ಟು, ಬೇಡ ಬೇಡ ಎಂದು ಅವನು ಮೂರು ಸಲ ಹೇಳುವ ತನಕ ಕಾದು, ಇಟ್ಟುಹೋಗುತ್ತಿದ್ದರು. ವರ್ಷದ ಉಳಿದ ದಿನಗಳಲ್ಲಿ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಆದರೆ ಈಸ್ಟರಿನ ಊಟಕ್ಕೆ ಮೇಜಿನ ತಲೆಯಲ್ಲಿ ಅವನಿಗೇ ಕುರ್ಚಿ, ಹಂದಿ ತೊಡೆ ಕೊಯ್ಯುವ ಚಾಕು ಅವನ ಕೈಗೇ. ಗಂಡ ತೀರಿಕೊಂಡ ಮೇಲೆ ವೃದ್ಧಾಶ್ರಮದ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದ ಆರ್ಡಿಸ್ ಅಂತೂ ಅವನು ತೋರಿಸಿದ ಜಾಗದಲ್ಲಿ ಓದದೆ ಸಹಿ ಹಾಕುತ್ತಿದ್ದಳು. “ನೀನು ನೋಡಿದ್ಮೇಲೆ ನಾನೇನು ನೋಡೋದು,” ಅನ್ನುತ್ತಿದ್ದಳು. ಆ ಮಾತು ಅವನಿಗೆ ಪೈಗಿಂತ ರುಚಿ. ಮಾರೆನ್ ಅವತ್ತು, ಕಾಲೇಜಿಗೆ ಸೇರಿದ ಮೊದಲ ವರ್ಷದ ಮಾರ್ಚಿನಲ್ಲಿ, ಕೆಂಪು ಉಣ್ಣೆ ಟೋಪಿ ಹಾಕಿಕೊಂಡು ಬಾಗಿಲು ದೂಡಿಕೊಂಡು ಬಂದಳಲ್ಲ, ಬೂಟಿಗೆ ಹತ್ತಿದ ಹಿಮವನ್ನು ಕೊಡವಲೂ ಮರೆತು, ತಾನು ಓದುತ್ತಿರುವ ಭೂಗರ್ಭಶಾಸ್ತ್ರದ ಬಗ್ಗೆ, ಈ ಮನೆಯ ಅಡಿಯಲ್ಲೇ ಒಂದು ಕಾಲದಲ್ಲಿ ಹಿಮನದಿ ಹರಿದದ್ದರ ಬಗ್ಗೆ ಉಸಿರು ಕಟ್ಟಿ ಹೇಳುತ್ತಾ, ಕಾಲೇಜು ಫೀಜಿನ ಕಾಗದವಿದ್ದ ಲಕೋಟೆಯನ್ನು ಅವನ ಕೈಗೇ ಕೊಟ್ಟಳು. ಲವೋನ್ ಇದೇ ಸಿಂಕಿನ ಮುಂದಿದ್ದಳು. ಕಿಪ್ ಫ್ರಿಜ್ಜಿನ ಬಾಗಿಲು ತೆಗೆದು ಬಗ್ಗಿಕೊಂಡಿದ್ದ. ಕಿಪ್ ಕಾಲೇಜಿಗೆ ಹೋಗಿ, ಒಂದು ಚಳಿಗಾಲ ಕಳೆಯುವುದರೊಳಗೆ ಬಟ್ಟೆಯ ಗಂಟು ಕಟ್ಟಿಕೊಂಡು ವಾಪಸು ಬಂದು ಆಗ ಎರಡು ವರ್ಷವಾಗಿತ್ತು. ಯಾಕೆ ಬಂದೆ ಎಂದು ಅಪ್ಪ ಕೇಳಲಿಲ್ಲ, ಮಗ ಹೇಳಲಿಲ್ಲ.

“ಮಾಮ, ಈಗಿನ ಕಾಲದಲ್ಲಿ ಇದನ್ನೆಲ್ಲ ಪೆನ್ಸಿಲಲ್ಲಿ ಯಾರು ಮಾಡ್ತಾರೆ?” ಎಂದಿದ್ದಳು ಮಾರೆನ್, ಅವನ ಭುಜದ ಮೇಲಿಂದ ಬಗ್ಗಿ ನೋಡುತ್ತಾ. “ನನ್ನ ರೂಮಿನವಳು ಫೋನಲ್ಲೇ ಮಾಡ್ಕೊಂಡ್ಲು, ಪಿಜ್ಜಾ ಬರೋ ಅಷ್ಟರಲ್ಲಿ. ಬಿಟ್ಟಿ ಬೇರೆ. ಬೇಕಾದ್ರೆ ನಿನಗೂ ತೋರಿಸ್ಕೊಡ್ತೀನಿ.”

“ಏಯ್, ಹಾಗನ್ಬೇಡ,” ಎಂದು ಕಿಪ್ ಫ್ರಿಜ್ಜಿನೊಳಗಿಂದಲೇ ನಕ್ಕಿದ್ದ. “ಅದೊಂದು ಪೆನ್ಸಿಲ್ ಕಿತ್ಕೊಂಡ್ರೆ ಅಪ್ಪನ ಕೈಲಿ ಇನ್ನೇನಿದೆ?”

ಎಲ್ಲರೂ ನಕ್ಕರು. ಲವೋನ್ ನಕ್ಕಳು. ಅವನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಆ ಹುಡುಗಿಯ ಮಾತಿನಲ್ಲಿ ಕೆಟ್ಟದ್ದು ಒಂದು ಗುಲಗಂಜಿಯಷ್ಟೂ ಇರಲಿಲ್ಲ ಎಂದು ಅವನಿಗೆ ಅವತ್ತೂ ಗೊತ್ತಿತ್ತು. ಗೊತ್ತಿದ್ದರೆ ಏನು? ಹೊಟ್ಟೆಯಲ್ಲಿ ಬೆಂಕಿ ಬಿದ್ದಮೇಲೆ ಕಡ್ಡಿ ಗೀರಿದವರು ಒಳ್ಳೆಯವರೋ ಕೆಟ್ಟವರೋ ಎಂದು ಬೆಂಕಿ ನೋಡುವುದಿಲ್ಲ. ಲಕೋಟೆಯನ್ನು ಕೊನೆಗೆ ನೋಡೋಣ ಎಂದು ಬದಿಗಿಟ್ಟ. ಕೊನೆ ಬಂದಾಗ ನೋಡಲಿಲ್ಲ. ಮರೆತಿದ್ದನೇ? ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಮರೆತೆ ಎನ್ನಲು ಒಂದೇ ಅಡ್ಡಿ: ರಿಟರ್ನನ್ನು ಅಂಚೆಗೆ ಹಾಕುವಾಗ ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಅವನಿಗೆ ಆ ಕೆಂಪು ಟೋಪಿ ನೆನಪಾಗಿತ್ತು. ಟೋಪಿ ನೆನಪಾದವನಿಗೆ ಲಕೋಟೆ ನೆನಪಾಗಲಿಲ್ಲವೇ? ಹಿಮ ಕರಗಿದ ಮೇಲೆ ಹಳೆಯ ಪೇಪರುಗಳ ನಡುವೆ ಅದು ಸಿಕ್ಕಿತು. ಅವತ್ತೇ ಕೂತು ತಿದ್ದುಪಡಿ ಬರೆದು ಕಳಿಸಿದ್ದರೆ ಮುಗಿಯುತ್ತಿತ್ತು, ಅಯ್ಯೋ ಆರ್ಡಿಸ್, ಇದೊಂದು ತಪ್ಪಿಹೋಗಿತ್ತು ನೋಡು ಎಂದಿದ್ದರೆ ಅವಳು ಇನ್ನೊಂದು ಪೈ ಮಾಡಿ ತರುತ್ತಿದ್ದಳು. ಅವನು ಲಕೋಟೆಯನ್ನು ಪೇಪರುಗಳ ಜೊತೆಗೇ ಹಿತ್ತಲಿನ ಪೀಪಾಯಿಗೆ ಹಾಕಿ ಸುಟ್ಟ. ಮರುವರ್ಷ ಮಾರೆನ್ ಮತ್ತೆ ಲಕೋಟೆ ತಂದುಕೊಟ್ಟಾಗ ಪೇಚಿಗೆ ಬಿದ್ದ. ಈಗ ರಿಯಾಯಿತಿ ಕೇಳಿದರೆ, ಹಣ ಬಂದರೆ, ಹೋದ ವರ್ಷ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳಿಯಾರು. ಯಾರೂ ಕೇಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಅಂತೂ ಮೊದಲನೆಯದನ್ನು ಮುಚ್ಚಲು ಎರಡನೆಯದು, ಎರಡನೆಯದನ್ನು ಮುಚ್ಚಲು ಮೂರನೆಯದು. ಈ ಮೂರು ವರ್ಷವೂ ಈಸ್ಟರಿನಲ್ಲಿ ಹಂದಿ ತೊಡೆಯನ್ನು ಅವನೇ ಕೊಯ್ದ.

ಮೂರನೆಯ ವರ್ಷದಲ್ಲಿ ಮಾರೆನಳಿಗೆ ಏನೋ ಆಯಿತು. ಫೀಜು ಬಾಕಿ ಬಿತ್ತು, ಬಾಕಿ ತೀರಿಸಲು ಹೋಟೆಲಿನಲ್ಲಿ ರಾತ್ರಿ ಪಾಳಿ ಹಿಡಿದಳು, ಪಾಳಿಯಿಂದ ನಿದ್ದೆ ಹೋಯಿತು, ನಿದ್ದೆಯ ಹಿಂದೆಯೇ ಬೇರೆ ಏನೇನೋ ಹೋಯಿತು. ತರಗತಿಗೆ ಹೋಗುವುದನ್ನು ಮರೆತಳು, ಆಮೇಲೆ ಊಟ ಮಾಡುವುದನ್ನು. ಆರ್ಡಿಸ್ ಹೋಗಿ ಕರೆತಂದಾಗ ಅವಳ ಕೋಣೆಯಲ್ಲಿ ಒಡೆಯದ ಕಾಗದಗಳು ಹಾಸಿಗೆ ತುಂಬ ಬಿದ್ದಿದ್ದವಂತೆ. ಗುಳಿಗೆಗಳು, ಮಾತಾಡಿಸುವ ಡಾಕ್ಟರು, ಒಂದು ಇಡೀ ಬೇಸಿಗೆ ಸೋಫಾದ ಮೇಲೆ. ಈಗ ಸೂಪರ್‌ಮಾರ್ಕೆಟ್ಟಿನ ಬೇಕರಿಯಲ್ಲಿ ಕೇಕುಗಳ ಮೇಲೆ ಬೇರೆಯವರ ಮಕ್ಕಳ ಹೆಸರು ಬರೆಯುತ್ತಾಳೆ. ಕೈ ಸ್ಥಿರವಾಗಿದೆ, ಮುಖ ಪರವಾಗಿಲ್ಲ. ಬರುವ ಸೆಪ್ಟೆಂಬರಿಗೆ ಮತ್ತೆ ಕಾಲೇಜು ಸೇರಬೇಕೆಂದು ತಾನಾಗಿಯೇ ಬಾಯಿ ಬಿಟ್ಟು ಹೇಳಿದ್ದಾಳೆಂದು ಆರ್ಡಿಸ್ ಫೆಬ್ರವರಿಯಲ್ಲಿ ಫೋನಿನಲ್ಲಿ ಅಳುತ್ತಾ ನಗುತ್ತಾ ಹೇಳಿದ್ದಳು. ಹಳೆಯ ಬಾಕಿ ಕಟ್ಟದೆ ಕಾಲೇಜಿನವರು ಒಳಗೆ ಬಿಡುವುದಿಲ್ಲ. ಆದರೆ ಲಾಂಡ್ರಿಯಲ್ಲಿ ಜೊತೆಗೆ ಕೆಲಸ ಮಾಡುವವಳೊಬ್ಬಳು ಅಂದಳಂತೆ, ಮಕ್ಕಳ ಓದಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ, ಹಿಂದಿನದ್ದನ್ನೂ ತಿದ್ದಿ ಕೇಳಬಹುದು, ಮೂರು ವರ್ಷದ್ದು ಸೇರಿದರೆ ಬಾಕಿ ತೀರುತ್ತದೆ. “ಹೌದಾ ಓರಿನ್? ನಿನಗೆ ಗೊತ್ತಿರುತ್ತಲ್ಲ.” ಅವನು, “ನೋಡೋಣ, ಈ ಗಲಾಟೆ ಸೀಸನ್ ಮುಗೀಲಿ,” ಅಂದಿದ್ದ. ಮೊದಲ ವರ್ಷದ್ದನ್ನು ತಿದ್ದುವ ಬಾಗಿಲು ಏಪ್ರಿಲ್ ನಡುವಿಗೆ ಮುಚ್ಚುತ್ತದೆಂದು ಅವನಿಗೆ ಗೊತ್ತಿತ್ತು. ಆ ವರ್ಷವೊಂದು ತಾನಾಗಿ ಸತ್ತುಹೋದರೆ ಆ ಲಕೋಟೆಯ ಮಾತೂ ಸತ್ತುಹೋದೀತು ಎಂದುಕೊಂಡಿದ್ದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು, ಮುಂದಿನ ವಾರ, ಮುಂದಿನ ವಾರ.

ಮಧ್ಯಾಹ್ನ ಅವರು ಬಂದರು. ಆರ್ಡಿಸ್ ಹಿತ್ತಲಿನ ಹುಳಿದಂಟು ಹಾಕಿ ಮಾಡಿದ ಪೈ ತಂದಿದ್ದಳು. ಅವಳ ಕೈಗಳು ಲಾಂಡ್ರಿಯ ಬಿಸಿನೀರಿಗೆ ಬೆಂದು ಕೆಂಪಾಗಿದ್ದವು. ಮಾರೆನ್ ಹಿಂದಿನಿಂದ ಬಂದು, ಬೂಟುಗಳನ್ನು ಬಾಗಿಲಲ್ಲೇ ಬಿಚ್ಚಿ ಒಂದರ ಪಕ್ಕ ಒಂದು ಜೋಡಿಸಿಟ್ಟು, ಕಾಲುಚೀಲದಲ್ಲಿ ಸದ್ದಿಲ್ಲದೆ ನಡೆದು ಬಂದು ಕೂತಳು.

“ಕಾಫಿ?” ಅಂದಳು ಲವೋನ್.

“ಬೇಡ ಬೇಡ, ಈಗ ತಾನೇ ಕುಡಿದ್ವಿ.”

“ಇಟ್ಟಿದೀನಿ ಆಗ್ಲೇ.”

“ಹಾಗಾದ್ರೆ ಒಂದು ಚೂರು.”

ಓರಿನ್ ಕಾಗದ ತಿರುಗಿಸಿದ. ಎರಡನೆಯ ವರ್ಷದ್ದು ಇಷ್ಟು ಬರುತ್ತದೆ, ಮೂರನೆಯ ವರ್ಷದ್ದು ಇಷ್ಟು. ಮೊದಲ ವರ್ಷದ್ದು ಹೋಯಿತು. ಅವನ ಧ್ವನಿ ಅವನಿಗೇ ಮೆಚ್ಚುಗೆಯಾಗುವಷ್ಟು ಸಮವಾಗಿತ್ತು.

“ಹೋಯ್ತು ಅಂದ್ರೆ?” ಅಂದಳು ಆರ್ಡಿಸ್.

“ಗಡುವು ಮೀರ್ತು. ಮೂರು ವರ್ಷದೊಳಗೆ ಕೇಳ್ಬೇಕು. ಹೋದ ತಿಂಗ್ಳಿಗೆ ಮುಗೀತು.”

“ಹೋದ ತಿಂಗ್ಳಾ?” ಅವಳು ಮಗಳ ಕಡೆ ನೋಡಿ ಮತ್ತೆ ಅವನ ಕಡೆ ನೋಡಿದಳು. “ನಾನು ಫೆಬ್ರವರೀಲೇ ಫೋನ್ ಮಾಡಿದ್ನಲ್ಲ ಓರಿನ್.”

ಅವನು ಕನ್ನಡಕ ತೆಗೆದು ಒರೆಸಿದ. ಒರೆಸುತ್ತಿರುವಾಗ ಎದುರಿನ ಮುಖಗಳು ಕಲಸಿಹೋಗುತ್ತವೆ. ಆಗ ಮಾತಾಡುವುದು ಸುಲಭ. “ಮಾಡಿದ್ದೆ. ಆದ್ರೆ ಯಾವ ವರ್ಷದ್ದು, ಏನು ಎತ್ತ ಅಂತ ನೀನು ಸರಿಯಾಗಿ ಹೇಳ್ಲಿಲ್ಲ. ಅಳ್ತಾ ಇದ್ದೆ.”

“ಹೌದು ಅಲ್ವಾ,” ಅಂದಳು ಆರ್ಡಿಸ್. ಅವಳ ಮುಖ ನಿಧಾನವಾಗಿ ತನ್ನ ತಪ್ಪನ್ನು ಹುಡುಕಿ ಹಿಡಿಯಿತು. “ಅಳ್ತಾ ಇದ್ದೆ. ನನಗೆ ಬುದ್ಧಿ ಎಲ್ಲಿದೆ. ಹಾಗಾದ್ರೆ ಬಾಕಿ ಪೂರ್ತಿ ತೀರಲ್ಲ.”

“ಪೂರ್ತಿ ತೀರಲ್ಲ. ಮುಕ್ಕಾಲು.”

“ಮುಕ್ಕಾಲು ಕಟ್ಟಿದ್ರೆ ಮುಕ್ಕಾಲು ಒಳಗೆ ಬಿಡ್ತಾರಾ,” ಎಂದು ಮಾರೆನ್ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ತಮಾಷೆ ಮಾಡಿದ್ದು. ಲವೋನ್ ಕೂಡ ನಕ್ಕಳು. “ಪರ್ವಾಗಿಲ್ಲಮ್ಮ. ಉಳಿದದ್ದಕ್ಕೆ ಬೇಕರೀಲಿ ಭಾನುವಾರಾನೂ ಹೋಗ್ತೀನಿ. ಬೇಸಿಗೆ ಪೂರ್ತಿ ಇದೆ.” ಅವಳು ಅದನ್ನು ಎಷ್ಟು ಹಗುರವಾಗಿ ಹೇಳಿದಳೆಂದರೆ ಓರಿನ್‌ಗೆ ಅವಳ ತಲೆಯ ಮೇಲೆ ಆ ಕೆಂಪು ಟೋಪಿ ಇದ್ದಂತೆಯೇ ಕಂಡಿತು. ಇವಳಿಗೆ ಏನಾದರೂ ತಾಗುತ್ತದೆಯೇ? ಹೊಡೆದರೂ ಎದ್ದು ನಿಲ್ಲುವ ಈ ಜಾತಿಯೇ ಬೇರೆ. ಕಿಪ್ ಎದ್ದು ನಿಲ್ಲಲಿಲ್ಲವಲ್ಲ.

ಮಾರೆನ್ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. “ಇಲ್ಲಿ ಕಾರಣ ಬರೀಬೇಕು ಅಂತಿದೆ. ಖಾಲಿ ಇದೆ.”

“ಬರೀತೀನಿ. ಕಾಗದ ಸಮಯಕ್ಕೆ ಸಿಗ್ಲಿಲ್ಲ ಅಂತ ಬರೆದ್ರಾಯ್ತು.”

ಹಾಗೆ ಬರೆಯಬೇಕೆಂದು ಅವನು ಯೋಚಿಸಿಯೇ ಇರಲಿಲ್ಲ. ಬಾಯಿಗೆ ಬಂತು. ಬಂದಮೇಲೆ ಅದು ಎಷ್ಟು ಸರಾಗವಾಗಿದೆ, ಇಷ್ಟು ಹೊತ್ತು ಯಾಕೆ ಹೊಳೆಯಲಿಲ್ಲ ಎಂದು ಆಶ್ಚರ್ಯವಾಯಿತು.

“ಯಾವ ಕಾಗದ?” ಅಂದಳು ಮಾರೆನ್.

“ಕಾಲೇಜಿಂದು. ಫೀಜಿನ ಕಾಗದ. ಈಗ ನಕಲು ತರ್ಸಿದ್ದೀರಲ್ಲ, ಅದು.”

“ಅದನ್ನ ಕೊಟ್ಟಿದ್ನಲ್ಲ ಮಾಮ. ಪ್ರತಿ ವರ್ಷ ನಾನೇ ತಂದ್ಕೊಟ್ಟೆ. ಇಲ್ಲೇ.”

ಲವೋನ್ ಸಿಂಕಿನ ಕಡೆ ತಿರುಗಿದಳು. ಈಗ ಹೇಳುತ್ತಾಳೆ ಎಂದುಕೊಂಡ ಓರಿನ್. ಹೌದಲ್ಲ ಓರಿನ್, ಮಗು ತಂದಿತ್ತಲ್ಲ, ನಾನೇ ನೋಡಿದೆನಲ್ಲ. ಹೇಳಲಿ. ಹೇಳಿಬಿಡಲಿ. ಅವಳು ಒಂದು ಬಟ್ಟಲು ತೊಳೆದಳು, ಒರೆಸಿದಳು, ಮೇಲಿಟ್ಟಳು. “ಪೈ ಕೊಯ್ಲಾ?” ಅಂದಳು.

“ಲಕೋಟೆ ಕೊಟ್ಟಿರ್ಬಹುದಮ್ಮ,” ಅಂದ ಅವನು. “ಒಳಗೆ ಇದು ಇರ್ಲಿಲ್ಲ. ಇದ್ದಿದ್ರೆ ನಾನು ಬಿಡ್ತಿದ್ನಾ?”

ಬಿಡುತ್ತಿರಲಿಲ್ಲ. ಇಡೀ ಮನೆತನಕ್ಕೆ ಗೊತ್ತು, ಓರಿನ್ ಒಂದು ಸೆಂಟನ್ನೂ ಬಿಡುವವನಲ್ಲ. ಆರ್ಡಿಸ್ ಮಗಳ ಕಡೆ ತಿರುಗಿದಳು, ಸಿಟ್ಟಿಗಿಂತ ದಣಿವಿನಿಂದ. “ಮಾರೆನ್, ನಿನ್ನ ರೂಮಲ್ಲಿ ಎಷ್ಟು ಕಾಗ್ದ ಬಿದ್ದಿತ್ತು ಅಂತ ನಾನು ಕಣ್ಣಾರೆ ನೋಡಿದೀನಿ. ಒಂದಾದ್ರೂ ಒಡೆದಿದ್ಯಾ? ಏನೋ ಬೇರೆ ತುಂಬ್ಕೊಂಡು ಬಂದಿರ್ತೀಯ.”

“ಅದು ಮೂರನೇ ವರ್ಷ.” ಮಾರೆನಳ ಧ್ವನಿ ಇನ್ನೂ ಗಟ್ಟಿಯಾಗಿತ್ತು. “ಮೂರನೇ ವರ್ಷ ಹಾಗೆ ಮಾಡಿರ್ಬಹುದು, ಒಪ್ತೀನಿ. ಆದ್ರೆ ಮೊದಲನೇ ವರ್ಷ ನಾನು ಚೆನ್ನಾಗಿದ್ದೆ ಅಮ್ಮ. ಚೆನ್ನಾಗಿ ನೆನಪಿದೆ. ಕಾಗ್ದಾನ ನೋಡಿ, ಮಡಚಿ, ಲಕೋಟೆ ಒಳಗೆ ಹಾಕ್ದೆ. ಬಸ್ಸಲ್ಲಿ ಎರಡು ಸಲ ತೆಗೆದು ನೋಡ್ದೆ.”

“ಡಾಕ್ಟ್ರು ಏನಂದ್ರು? ಇದು ಒಂದೇ ದಿನ ಬರೋದಲ್ಲ, ಬಹಳ ಮುಂಚೇನೇ ಶುರುವಾಗಿರುತ್ತೆ ಅನ್ಲಿಲ್ವಾ? ನಮಗೆ ಗೊತ್ತಾಗ್ಲಿಲ್ಲ ಅಷ್ಟೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಓರಿನ್ ನೋಡುತ್ತಾ ಕೂತ. ಇಲ್ಲಿಗೆ ಬಂದು ನಿಲ್ಲುತ್ತದೆಂದು ಅವನು ಎಣಿಸಿರಲಿಲ್ಲ. ಹಣದ ಮಾತಾಗಿದ್ದಾಗ ಹಣವನ್ನು ಕೈಯಿಂದಲೇ ಕೊಟ್ಟುಬಿಡಬಹುದಿತ್ತು, ಬ್ಯಾಂಕಿನಲ್ಲಿತ್ತು ಕೂಡ. ಬೆಳಿಗ್ಗೆ ಒಂದು ಗಳಿಗೆ ಅದೂ ಹೊಳೆದಿತ್ತು: ಉಳಿದದ್ದು ನಾನು ಹಾಕುತ್ತೇನೆ ಆರ್ಡಿಸ್, ಸಾಲವೂ ಅಲ್ಲ, ಮಾಮನ ಉಡುಗೊರೆ ಎಂದುಕೋ. ಎಷ್ಟು ಚೆನ್ನಾಗಿರುತ್ತಿತ್ತು, ಎಷ್ಟು ಕಣ್ಣೀರು, ಎಷ್ಟು ಪೈ. ಆದರೆ ಯಾಕೆ ಕೊಡುತ್ತಿದ್ದಾನೆ ಎಂದು ಲವೋನಳಿಗೆ ಗೊತ್ತಾಗುತ್ತಿತ್ತು. ಈಗ ಮಾರೆನ್ ಮೇಜಿನ ಮೇಲೆ ಎರಡೂ ಅಂಗೈ ಇಟ್ಟು, ಬಹಳ ದೂರದ ಒಂದು ವಸ್ತುವನ್ನು ಗುರುತು ಹಿಡಿಯಲು ನೋಡುವವಳ ಹಾಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಆ ವರ್ಷವನ್ನು ತಡಕುತ್ತಿದ್ದಳು. ಬಸ್ಸು, ಮಡಚಿದ ಕಾಗದ, ಹಿಮನದಿ. ಸೋಫಾದ ಮೇಲೆ ಕಳೆದ ಬೇಸಿಗೆಯುದ್ದಕ್ಕೂ, ನಾನೂ ಒಂದು ಕಾಲಕ್ಕೆ ಸರಿಯಾಗಿದ್ದೆ, ಮತ್ತೆ ಹಾಗಾಗಬಹುದು ಎಂದು ಅವಳು ಹಿಡಿದುಕೊಂಡಿದ್ದದ್ದು ಆ ಒಂದು ವರ್ಷವನ್ನೇ ಇರಬೇಕು. ಅವನಿಗೆ ಇದು ಈಗ, ಈ ಕ್ಷಣ, ಪೂರ್ತಿ ಅರ್ಥವಾಯಿತು. ಅರ್ಥವಾದಾಗ ಮನುಷ್ಯ ಬಾಯಿ ಬಿಡುತ್ತಾನೆ ಎಂದು ಪಾದ್ರಿಗಳು ಹೇಳುತ್ತಾರೆ.

“ಮಾಮ,” ಅಂದಳು ಮಾರೆನ್. ಅವಳ ಧ್ವನಿಯಿಂದ ಗಟ್ಟಿತನವೆಲ್ಲ ಇಳಿದುಹೋಗಿತ್ತು. “ನೀನು ನನ್ನ ನೋಡಿದೀಯಲ್ಲ ಆಗ. ಆ ದಿನ ಬಂದಾಗ. ಅಮ್ಮಂಗೆ ನನ್ನ ಮೇಲೆ ಪ್ರೀತಿ, ಏನೇನೋ ಹೇಳ್ತಾಳೆ. ನೀನು ನಿಜ ಹೇಳು. ನಾನು ಆಗ್ಲೇ ಹಾಗಿದ್ನಾ?”

ಅವಳು ಅವನನ್ನು ಅನುಮಾನಿಸುತ್ತಿರಲಿಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ. ಅನುಮಾನದ ಒಂದು ಎಳೆ ಆ ಕಣ್ಣುಗಳಲ್ಲಿ ಇದ್ದಿದ್ದರೂ ಅವನು ಸಿಟ್ಟಿಗೇಳುತ್ತಿದ್ದ, ಕೂಗಾಡುತ್ತಿದ್ದ, ಆ ಕೂಗಾಟದಲ್ಲಿ ನಿಜ ಬಾಯಿ ತಪ್ಪಿ ಹೊರಬೀಳುತ್ತಿತ್ತೋ ಏನೋ. ಅವಳು ಲೆಕ್ಕ ಕೇಳುತ್ತಿದ್ದಳು, ಲೆಕ್ಕ ಬಲ್ಲವನನ್ನು.

“ಸ್ವಲ್ಪ ಹಾಗೇ ಇದ್ದೆ, ಮಗು,” ಅಂದ ಓರಿನ್. “ಬೂಟಿನ ಹಿಮಾನೂ ಕೊಡವದೆ ಒಳಗೆ ಬಂದೆ. ಏನೇನೋ ಮಾತು, ಒಂದಕ್ಕೊಂದು ಸಂಬಂಧ ಇಲ್ಲ. ಈ ಮನೆ ಕೆಳಗೆ ನದಿ ಇತ್ತು ಅಂದೆ. ನಾವು ಆಗ ಏನೂ ಅನ್ನಲಿಲ್ಲ.”

ಲವೋನಳ ಕೈಯಲ್ಲಿದ್ದ ಚಾಕು ಪೈಯೊಳಗೆ ನಿಂತಿತು. ಆಮೇಲೆ ಕೆಳಗಿನ ತಟ್ಟೆ ಮುಟ್ಟುವ ತನಕ ಇಳಿಯಿತು.

ಮಾರೆನ್ ತಲೆಯಾಡಿಸಿದಳು. ಒಂದು ಸಲ ಆಡಿಸಿ ನಿಲ್ಲಿಸಲಿಲ್ಲ, ಸುಮಾರು ಹೊತ್ತು ಆಡಿಸುತ್ತಲೇ ಇದ್ದಳು. ಅವಳು ಅಳಲಿಲ್ಲ. ಮುಖದಲ್ಲಿ ಒಂದು ರೀತಿಯ ವಿನಯ ಬಂದು ಕೂತಿತು, ಆಸ್ಪತ್ರೆಯಲ್ಲಿ ಸರದಿ ಕಾಯುವವರ ಮುಖದಲ್ಲಿ ಬರುವಂಥದ್ದು. “ಹಂಗಾದ್ರೆ ಬಿಡಮ್ಮ,” ಅಂದಳು. “ಕಾಲೇಜಿನ ಬಾಕಿ ನಿಧಾನಕ್ಕೆ ಕಟ್ಟೋಣ. ಸೆಪ್ಟೆಂಬರಿಗೆ ಹೋಗೋದೆಲ್ಲ ಬೇಡ. ಹೋಗಿ ಮತ್ತೆ ಹಾಗೇ ಆದ್ರೆ? ಬೇಕರಿ ಚೆನ್ನಾಗಿದೆ. ಹೆಸರು ಚೀಟೀಲಿ ಬರೆದ್ಕೊಟ್ಟಿರ್ತಾರೆ, ನೋಡ್ಕೊಂಡು ಬರೆದ್ರಾಯ್ತು.”

ಆರ್ಡಿಸ್ ಬೇಡ ಅನ್ನಲಿಲ್ಲ. ಮಗಳ ಬೆನ್ನ ಮೇಲೆ ತನ್ನ ಕೆಂಪು ಕೈಯಿಟ್ಟು ಸವರಿದಳು. ಅವಳ ಕಣ್ಣಲ್ಲಿ ನೀರಿತ್ತು, ನೀರಿನ ಜೊತೆಗೆ ಒಂದು ಭಾರ ಇಳಿದವರ ನಿಟ್ಟುಸಿರೂ ಇತ್ತು.

ಓರಿನ್ ಪೆನ್ಸಿಲು ಬಿಟ್ಟು ಪೆನ್ನು ತೆಗೆದುಕೊಂಡ. ಕೈ ನಡುಗಲಿಲ್ಲ. ‘ವಿದ್ಯಾರ್ಥಿಯ ಅಚಾತುರ್ಯದಿಂದ ಕಾಲೇಜಿನ ಕಾಗದ ಸಕಾಲದಲ್ಲಿ ದೊರೆಯಲಿಲ್ಲ’ ಎಂದು ದುಂಡಗೆ ಬರೆದು, ಕಾಗದವನ್ನು ತಂಗಿಯ ಕಡೆ ತಿರುಗಿಸಿ, ಸಹಿಯ ಜಾಗದಲ್ಲಿ ಬೆರಳಿಟ್ಟ. ಮೇಲೆ ಬರೆದಿರುವುದೆಲ್ಲ ನನ್ನ ಅರಿವಿಗೆ ಬಂದಂತೆ ಸತ್ಯ ಎಂಬ ಸಾಲಿನ ಕೆಳಗೆ ಆರ್ಡಿಸ್ ಓದದೆ ಸಹಿ ಹಾಕಿದಳು.

“ನೀನಿಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ ಓರಿನ್,” ಅಂದಳು. “ಅವಳ ಮೇಲೆ ಬೇಜಾರು ಮಾಡ್ಕೋಬೇಡ.”

“ಛೆ, ನನಗೇನು ಬೇಜಾರು.” ಅವನು ಹಾಳೆಗಳನ್ನು ಕುಟ್ಟಿ ಸಮ ಮಾಡಿದ. “ಆದ್ರೆ ಮುಂದಿನ ವರ್ಷದಿಂದ ಕಾಗ್ದ ಎಲ್ಲ ನೀನೇ ತಂದ್ಕೊಡು. ಅವಳ ಕೈಲಿ ಕಳಿಸ್ಬೇಡ.”

“ಇಲ್ಲಪ್ಪ,” ಅಂದಳು ಆರ್ಡಿಸ್. “ಇನ್ನು ಅವಳ ಕೈಗೆ ಏನೂ ಕೊಡಲ್ಲ.”